ರ‍್ಯಾಮ್ ಹಾಕಿದ್ಮೇಲೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಮೊದಲು ನಿಜ ಹೇಳಿ

(1/6)
ಫೋಟೋ ಲೋಡ್ ಆಗಿಲ್ಲ ಅಂದ್ಕೋಬೇಡಿ, ಅದು ಕಪ್ಪು ಸ್ಕ್ರೀನೇ. ಹೋದ ತಿಂಗಳು ಇಂಟರ್ನಲ್ಸ್‌ಗೆ ನಾಲ್ಕು ದಿನ ಇದ್ದಾಗ ನನ್ನ ಲ್ಯಾಪ್‌ಟಾಪ್ ಹೀಗಿತ್ತು.

ಅಕ್ಕ ಕೆಲಸಕ್ಕೆ ಸೇರಿದ್ಮೇಲೆ ನನಗೆ ಬಿಟ್ಟುಕೊಟ್ಟ ಹಳೇ ಲ್ಯಾಪ್‌ಟಾಪ್ ಅದು. ರ‍್ಯಾಮ್ 4 ಜಿಬಿ. ವಿಂಡೋಸ್ 11 ನಡೆಯೋಕೆ ಕನಿಷ್ಠ ಬೇಕಾಗಿರೋದೇ 4 ಜಿಬಿ. ಅದರ ಮೇಲೆ ಟ್ಯಾಲಿ, ಎಕ್ಸೆಲ್, ಕ್ರೋಮ್ ಮೂರನ್ನೂ ಒಟ್ಟಿಗೆ ತೆಗೆದ್ರೆ ಕರ್ಸರ್ ಸುತ್ತುತ್ತಾನೇ ಇರುತ್ತೆ, ನಾವು ಟೀ ಕುಡಿದು ಬರಬಹುದು. ಅದಕ್ಕೇ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ 8 ಜಿಬಿ ರ‍್ಯಾಮ್ ತಗೊಂಡು, ವಿಡಿಯೋ ನೋಡ್ಕೊಂಡು, ರಾತ್ರಿ ನಾನೇ ಹಾಕಿದೆ. ಪವರ್ ಬಟನ್ ಒತ್ತಿದೆ. ಲೈಟ್ ಬಂತು, ಫ್ಯಾನ್ ತಿರುಗ್ತು, ಸ್ಕ್ರೀನ್ ಮಾತ್ರ ಬರ್ಲೇ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಇಂಥ ಟೈಮಲ್ಲಿ ನೀವು ಏನು ಬಿಚ್ಚಿದ್ರಿ, ಏನು ಹಾಕಿದ್ರಿ ಅನ್ನೋದನ್ನ ಯಾರಿಂದ್ಲೂ ಮುಚ್ಚಿಡಬೇಡಿ. ಮನೇಲೂ ಅಷ್ಟೇ, ಅಂಗಡೀಲೂ ಅಷ್ಟೇ. ನಾನು ಮುಚ್ಚಿಟ್ಟೆ. ಅದರಿಂದ ಏನಾಗೋದ್ರಲ್ಲಿತ್ತು ಅಂತ ಓದಿ.

(2/6)
ಬೆಳಿಗ್ಗೆ ಮನೇಲಿ ಹೇಳಿದ್ದು: "ಅಪ್‌ಡೇಟ್ ಆಗ್ತಿತ್ತು, ತಾನಾಗೇ ಆಫ್ ಆಯ್ತು." ಬಿಚ್ಚಿದ್ದೆ ಅಂದ್ರೆ "ನಿನಗ್ಯಾಕೆ ಬೇಕಿತ್ತು" ಅಂತ ಶುರುವಾಗುತ್ತೆ ಅಂತ ಭಯ. ಅದೇ ಸುಳ್ಳನ್ನ ರಿಪೇರಿ ಅಂಗಡಿಯಲ್ಲೂ ಹೇಳಿದೆ. ಅಲ್ಲಿದ್ದ ಅಣ್ಣ ಬೇರೆ ಚಾರ್ಜರ್ ಹಾಕಿ ನೋಡಿದ್ರು, ಹೊರಗಿನ ಮಾನಿಟರ್‌ಗೆ ಕನೆಕ್ಟ್ ಮಾಡಿ ನೋಡಿದ್ರು. "ತಾನಾಗೇ ಆಫ್ ಆಗಿದೆ ಅಂದ್ರೆ ಬೋರ್ಡ್ ಇರ್ಬೇಕಮ್ಮ. ಬಿಟ್ಟು ಹೋಗು, ನೋಡಿ ಹೇಳ್ತೀನಿ. ಬೋರ್ಡೇ ಆದ್ರೆ ಏಳೆಂಟು ಸಾವಿರ ಆಗುತ್ತೆ" ಅಂದ್ರು.

ಅವರದ್ದೇನೂ ತಪ್ಪಿಲ್ಲ ನೋಡಿ. ನಾನು ಕೊಟ್ಟ ಮಾಹಿತಿಗೆ ತಕ್ಕ ಉತ್ತರ ಅದು.

ಲ್ಯಾಪ್‌ಟಾಪ್ ವಾಪಸ್ ತಗೊಂಡು ಮನೆಗೆ ಬಂದೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಹೇಳಿದ್ಲು: "ಶುಕ್ರವಾರ ಸಂಘದ ಮೀಟಿಂಗ್ ಇದೆ, ಸಾಲ ಕೇಳ್ತೀನಿ. ಓದೋಕೆ ಬೇಕಲ್ವಾ." ನನಗೆ ಅನ್ನ ಇಳೀಲಿಲ್ಲ. ಸಂಘದ ಸಾಲ ಅಂದ್ರೆ ಗೊತ್ತಲ್ಲ, ವಾರ ವಾರ ಕಂತು. ನನ್ನ ಒಂದು ಸುಳ್ಳಿಗೆ ಅಮ್ಮ ಕಂತು ಕಟ್ಬೇಕಿತ್ತು.

(3/6)
ಅವತ್ತೇ ಅಕ್ಕಂಗೆ ಫೋನ್ ಮಾಡಿದೆ. ಅವಳಿಗೂ ಅದೇ ಕಥೆ ಹೇಳೋಕೆ ಶುರು ಮಾಡಿದ್ದೆ, ಅಷ್ಟರಲ್ಲೇ ಕೇಳಿದ್ಲು: "ನಿಜ ಹೇಳೇ, ಏನು ಬಿಚ್ಚಿದೆ?" ಎರಡು ಸೆಕೆಂಡ್ ಸುಮ್ನಿದ್ದೆ. ಆಮೇಲೆ ಎಲ್ಲಾ ಹೇಳ್ದೆ. ಬೈತಾಳೆ ಅಂದ್ಕೊಂಡಿದ್ದೆ. ಬೈಲಿಲ್ಲ. "ಹೊಸದನ್ನ ತೆಗಿ. ಹಳೇದೊಂದನ್ನೇ ಇಟ್ಟು ಆನ್ ಮಾಡು" ಅಂದ್ಲು, ಅಷ್ಟೇ.

ಮಾಡಿದೆ. ಇಪ್ಪತ್ತು ಸೆಕೆಂಡಲ್ಲಿ ಸ್ಕ್ರೀನ್ ಬಂತು. ಬೋರ್ಡ್‌ಗೆ ಏನೂ ಆಗಿರ್ಲಿಲ್ಲ.

ಬಿಕಾಂ ಫ್ರೆಂಡ್ಸ್, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ನಾವೇನು ಮಾಡ್ತೀವಿ? ಇಡೀ ಲೆಡ್ಜರ್ ಹೊಸದಾಗಿ ಬರೀತೀವಾ? ಇಲ್ವಲ್ಲ. ವ್ಯತ್ಯಾಸ 9ರಿಂದ ಭಾಗ ಆಗುತ್ತಾ ನೋಡ್ತೀವಿ, ಆದ್ರೆ ಅಂಕಿ ಹಿಂದುಮುಂದು ಬರೆದಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದ್ರೂ ಇದ್ಯಾ ಹುಡುಕ್ತೀವಿ, ಇದ್ರೆ ಡೆಬಿಟ್ ಆಗ್ಬೇಕಾದ್ದು ಕ್ರೆಡಿಟ್‌ಗೆ ಹೋಗಿರಬಹುದು. ನಿನ್ನೆವರೆಗೆ ಟ್ಯಾಲಿ ಇದ್ದು ಇವತ್ತು ಇಲ್ಲ ಅಂದ್ರೆ ಮೊದಲು ನೋಡೋದು ಇವತ್ತಿನ ಎಂಟ್ರಿ. ಆ ಎಂಟ್ರಿ ಇರೋ ಪೇಜನ್ನೇ ಹರಿದು ಬಚ್ಚಿಟ್ಟು, ಆಡಿಟರ್ ಹತ್ರ "ಸಾರ್, ತಪ್ಪು ಎಲ್ಲಿದೆ ಹುಡುಕಿ" ಅಂದ್ರೆ ಹೇಗಿರುತ್ತೆ? ನಾನು ಅಂಗಡಿಯಲ್ಲಿ ಮಾಡಿದ್ದು ಅದೇ.

(4/6)
ಈಗ ಉಪಯೋಗಕ್ಕೆ ಬರೋದು. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

ಒಂದು, ಕಾಯಿರಿ. ಹೊಸ ರ‍್ಯಾಮ್ ಹಾಕಿದ್ಮೇಲೆ ಮೊದಲ ಸಲ ಲ್ಯಾಪ್‌ಟಾಪ್ ಅದನ್ನ ಪರೀಕ್ಷೆ ಮಾಡಿ ಹೊಂದಿಸ್ಕೊಳ್ಳುತ್ತೆ. ಡಿಡಿಆರ್5 ಇರೋದ್ರಲ್ಲಿ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು. ಹತ್ತು ಸೆಕೆಂಡಿಗೇ ಹೆದರಿ ಬಟನ್ ಒತ್ತಿ ಹಿಡೀಬೇಡಿ.

ಎರಡು, ಲಕ್ಷಣ ನೋಡಿ. ಲೈಟ್, ಫ್ಯಾನ್ ಇದ್ದು ಸ್ಕ್ರೀನ್ ಮಾತ್ರ ಇಲ್ಲ ಅಂದ್ರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಲೈಟೇ ಬರ್ತಿಲ್ಲ ಅಂದ್ರೆ ಬಿಚ್ಚುವಾಗ ಬ್ಯಾಟರಿ ಕನೆಕ್ಟರ್ ಅಥವಾ ಪವರ್ ಬಟನ್‌ನ ತೆಳು ಕೇಬಲ್ ಸಡಿಲ ಆಗಿರಬಹುದು. ಬೀಪ್ ಸದ್ದು ಬಂದ್ರೆ, ಲೈಟ್ ಮಿಣುಕಿದ್ರೆ ಎಷ್ಟು ಸಲ ಅಂತ ಎಣಿಸಿ ಬರ್ಕೊಳ್ಳಿ. ಅದರ ಅರ್ಥ ಒಂದೊಂದು ಕಂಪನಿಗೆ ಒಂದೊಂದು ಥರ, ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿ ಇರುತ್ತೆ.

ಮೂರು, ಪೂರ್ತಿ ಆಫ್ ಮಾಡಿ. ಚಾರ್ಜರ್ ತೆಗೀರಿ, ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ. ಒಳಗೆ ಉಳಿದಿರೋ ಕರೆಂಟ್ ಹೋಗುತ್ತೆ. ಮೈಯಲ್ಲಿರೋ ಸ್ಟ್ಯಾಟಿಕ್ ಹೋಗೋಕೆ ಯಾವುದಾದ್ರೂ ದೊಡ್ಡ ಲೋಹದ ವಸ್ತು ಮುಟ್ಟಿ. ರ‍್ಯಾಮ್‌ನ ಅಂಚಲ್ಲಿ ಮಾತ್ರ ಹಿಡೀರಿ, ಚಿನ್ನದ ಬಣ್ಣದ ಪಿನ್ ಮುಟ್ಬೇಡಿ.

ನಾಲ್ಕು, ಒಂದೊಂದಾಗಿ ಹಾಕಿ ನೋಡಿ. ಪ್ರತಿ ಸಲ ಮೂರನೇ ಸ್ಟೆಪ್ ಆದ್ಮೇಲೇ ಕೈ ಹಾಕಿ. ಮೊದಲು ಹಳೇದು ಮಾತ್ರ. ಆನ್ ಆದ್ರೆ ಲ್ಯಾಪ್‌ಟಾಪ್ ಸರಿಯಿದೆ ಅಂತ ಅರ್ಥ. ಆಮೇಲೆ ಅದೇ ಸ್ಲಾಟ್‌ಗೆ ಹೊಸದು ಮಾತ್ರ. ಆಗ್ಲೂ ಆನ್ ಆದ್ರೆ ಹೊಸ ರ‍್ಯಾಮ್ ಕೂಡ ಬದುಕಿದೆ. ಕೊನೆಗೆ ಎರಡೂ ಒಟ್ಟಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ದಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ನನ್ನ ಕೇಸಲ್ಲಿ ಎರಡನೇ ಸ್ಲಾಟ್‌ನಲ್ಲಿ ಒಂದು ಕಡೆ ಕ್ಲಿಪ್ ಮಾತ್ರ ಕೂತಿತ್ತು. ರ‍್ಯಾಮ್‌ನ ಓರೆಯಾಗಿ ಹಿಡಿದು, ಪಿನ್‌ಗಳು ಪೂರ್ತಿ ಒಳಗೆ ಹೋಗೋವರೆಗೆ ತಳ್ಳಿ, ಆಮೇಲೆ ಕೆಳಗೆ ಒತ್ತಬೇಕು. ಎರಡೂ ಕಡೆ ಟಕ್ ಅನ್ನಬೇಕು. ನಾನು ಒಂದೇ ಟಕ್‌ಗೆ ಖುಷಿಪಟ್ಟಿದ್ದೆ. ಸರಿಯಾಗಿ ಕೂರಿಸಿದ್ಮೇಲೆ 12 ಜಿಬಿ ತೋರಿಸ್ತು. ಖರ್ಚು: ಸೊನ್ನೆ.

(5/6)
ರ‍್ಯಾಮ್ ತಗೊಳ್ಳೋಕೆ ಮುಂಚೆ ಇಷ್ಟು ನೋಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದ್ರೆ ಎಷ್ಟು ಸ್ಲಾಟ್ ಇದೆ, ಎಷ್ಟು ಬಳಕೆಯಲ್ಲಿದೆ, ಸ್ಪೀಡ್ ಎಷ್ಟು ಅಂತ ಬರುತ್ತೆ. ಲ್ಯಾಪ್‌ಟಾಪ್ ರ‍್ಯಾಮ್‌ನಲ್ಲಿ ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ನಡುವಿನ ಕಚ್ಚು ಇರೋ ಜಾಗವೂ ಬೇರೆ. ಸ್ಲಾಟ್‌ಗೆ ಹೋಗ್ತಿಲ್ಲ ಅಂದ್ರೆ ಒತ್ತಾಯ ಮಾಡ್ಬೇಡಿ, ಅದು ಆ ಸ್ಲಾಟ್‌ದೇ ಅಲ್ಲ.

ಹಳೇ ಲ್ಯಾಪ್‌ಟಾಪ್ ಇರೋರು ಇನ್ನೊಂದು ಗಮನಿಸಿ. ಡಿಡಿಆರ್3 1.5 ವೋಲ್ಟ್, ಡಿಡಿಆರ್3ಎಲ್ 1.35 ವೋಲ್ಟ್. ಎರಡೂ ಒಂದೇ ಸ್ಲಾಟ್‌ಗೆ ಕೂರುತ್ತೆ. ಆದ್ರೆ 1.35 ವೋಲ್ಟ್ ಬೇಕಾದ ಲ್ಯಾಪ್‌ಟಾಪ್‌ಗೆ 1.5ದು ಹಾಕಿದ್ರೆ ಆನ್ ಆಗದೇ ಇರಬಹುದು. ತುಂಬಾ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್‌ನ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ, ಸ್ಲಾಟೇ ಇರಲ್ಲ. ಆಪಲ್‌ನ ಸ್ವಂತ ಚಿಪ್ ಇರೋ ಮ್ಯಾಕ್‌ಬುಕ್‌ಗಳಲ್ಲೂ ರ‍್ಯಾಮ್ ಆಮೇಲೆ ಹಾಕೋಕಾಗಲ್ಲ. ಬಿಲ್ ಮಾತ್ರ ಎಸೀಬೇಡಿ. ಹೊಸ ರ‍್ಯಾಮೇ ಕೆಟ್ಟಿದ್ರೆ ವಾಪಸ್ ಕೊಡೋಕೆ ಬೇಕು.

ಎಲ್ಲವನ್ನೂ ನೀವೇ ಮಾಡಿ ಅಂತ ನಾನು ಹೇಳ್ತಿಲ್ಲ. ಬ್ಯಾಟರಿ ಊದ್ಕೊಂಡಿದ್ರೆ, ಸುಟ್ಟ ವಾಸನೆ ಬಂದ್ರೆ, ನೀರು ಬಿದ್ದಿದ್ರೆ, ಹಳೇ ರ‍್ಯಾಮ್ ಒಂದೇ ಇಟ್ರೂ ಆನ್ ಆಗ್ಲಿಲ್ಲ ಅಂದ್ರೆ ನಿಲ್ಲಿಸಿ, ಅಂಗಡಿಗೆ ಹೋಗಿ. ವಾರಂಟಿ ಇದ್ರೆ ಬಿಚ್ಚೋಕೆ ಮುಂಚೆಯೇ ಅದರ ಷರತ್ತು ಓದಿ. ಅಂಗಡಿಗೆ ಹೋದಾಗ ಒಂದೇ ವಾಕ್ಯ ಹೇಳಿ: "ಇಂಥ ದಿನ ನಾನೇ ಬಿಚ್ಚಿ ಈ ರ‍್ಯಾಮ್ ಹಾಕಿದೆ, ಆಮೇಲಿಂದ ಹೀಗಾಗಿದೆ." ಹಳೇ ರ‍್ಯಾಮ್, ಹೊಸ ರ‍್ಯಾಮ್ ಎರಡನ್ನೂ ಜೊತೆಗೆ ತಗೊಂಡ್ ಹೋಗಿ.

(6/6)
"ಕಾಮರ್ಸ್ ಹುಡುಗಿಗೆ ಇದೆಲ್ಲಾ ಯಾಕೆ" ಅಂತ ಕ್ಲಾಸಲ್ಲೇ ಒಬ್ಬ ಕೇಳ್ದ. ಯಾಕಂದ್ರೆ ಲ್ಯಾಪ್‌ಟಾಪ್ ನಂದು, ದುಡ್ಡು ನಮ್ಮನೇದು. ಮೂವತ್ತು ರೂಪಾಯಿ ವ್ಯತ್ಯಾಸಕ್ಕೆ ಅರ್ಧ ಗಂಟೆ ಲೆಡ್ಜರ್ ಹುಡುಕೋ ನಾವು, ಎಂಟು ಸಾವಿರದ ಮಾತು ಬಂದಾಗ ಅರ್ಧ ಗಂಟೆ ಯಾಕೆ ಕೊಡಬಾರದು?

ಆದ್ರೆ ನಿಜ ಹೇಳ್ಬೇಕಂದ್ರೆ, ನನಗೆ ಕಷ್ಟ ಆಗಿದ್ದು ಸ್ಕ್ರೂ ಬಿಚ್ಚೋದಲ್ಲ, ಬಾಯಿ ಬಿಡೋದು. ನಾವು ಯಾಕೆ ಮುಚ್ಚಿಡ್ತೀವಿ? ತಪ್ಪು ಮಾಡಿದ್ರೆ ಬೈಗುಳ ಮೊದಲು, ಪರಿಹಾರ ಆಮೇಲೆ ಅಂತ ಸಣ್ಣ ವಯಸ್ಸಿಂದ ನೋಡಿದ್ದೀವಿ. ಹಾಗಾಗಿ ಇದು ಸ್ವಲ್ಪ ಮನೆಯವರಿಗೂ ಹೇಳೋ ಮಾತು. ಮಕ್ಕಳು ಏನೋ ಕೆಡಿಸ್ಕೊಂಡು ಬಂದಾಗ ನಮ್ಮಕ್ಕನ ಥರ ಮೊದಲು "ಏನು ಬಿಚ್ಚಿದೆ?" ಅಂತ ಕೇಳಿ. ಬೈಯೋದಿದ್ರೆ ಸ್ಕ್ರೀನ್ ಬಂದ್ಮೇಲೆ ಬೈಯಿರಿ.

ಅಮ್ಮಂಗೆ ಗುರುವಾರ ರಾತ್ರಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ನಾಳೆ ಸಂಘದಲ್ಲಿ ಹೇಗೆ ಕೇಳ್ಲಿ ಅಂತ ಎರಡು ದಿನದಿಂದ ಯೋಚನೆ ಮಾಡ್ತಿದ್ದೆ ಕಣೇ" ಅಂದ್ಲು. ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು.

ನಿಮ್ಮ ಹತ್ರಾನೂ ಇಂಥ ಮುಚ್ಚಿಟ್ಟ ಕಥೆ ಇದ್ರೆ ಕಾಮೆಂಟಲ್ಲಿ ಹಾಕಿ. ಲ್ಯಾಪ್‌ಟಾಪ್ ಬಿಚ್ಚಿ ಕೂತಿರೋ ಫ್ರೆಂಡ್ ಯಾರಾದ್ರೂ ಇದ್ರೆ ಇದನ್ನ ಈಗ್ಲೇ ಕಳಿಸಿ.

#ಬಿಕಾಂಡೈರಿ #ಕನ್ನಡದಲ್ಲೇಹೇಳ್ತೀನಿ #ಎರಡೂಕಡೆಟಕ್