ಮತ್ತೆ ಕೇಳಲು ಪುರುಸೊತ್ತಿಲ್ಲ

ನಮ್ಮ ಐರಣಿಯಿಂದ ಆನ್‌ಲೈನ್ ಸಂದರ್ಶನ ಕೊಟ್ಟವರಿಗೆ ಗೊತ್ತು, ನಡುವೆ ಮಾತು ತುಂಡಾದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು. ಫೈಲ್ ಆದರೆ ಕಳೆದುಹೋದ ಪ್ಯಾಕೆಟ್ ಮತ್ತೆ ತರಿಸಬಹುದು; ಮಾತಿಗೆ ಅಷ್ಟು ಪುರುಸೊತ್ತಿಲ್ಲ. ಅದಕ್ಕೇ ಮೊದಲೇ ಸ್ವಲ್ಪ ಹೆಚ್ಚು ಕಳಿಸುವುದು: 4 ಮತ್ತು 3ರ ಜೊತೆ ಮೊತ್ತ 7 ಕೂಡ. 4 ಬಾರದಿದ್ದರೂ 7ರಲ್ಲಿ 3 ಕಳೆದರೆ ಸಿಕ್ಕಿತು. ಆದರೆ 7 ಬರುವತನಕ ಕಾಯಬೇಕಲ್ಲ? ಆ ಕಾಯುವಿಕೆಯನ್ನು ಮಿತಿಯಲ್ಲಿಡುವುದೇ ‘ಸ್ಟ್ರೀಮಿಂಗ್ ಕೋಡ್’. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಪಿ. ವಿಜಯ್ ಕುಮಾರ್ ಮತ್ತು ಅವರ ವಿದ್ಯಾರ್ಥಿಗಳು ಇದರ ಮೇಲೆ ಸಂಶೋಧನೆ ಮಾಡಿದ್ದಾರೆ. ನಾವೋ, 1950ರ ಹ್ಯಾಮಿಂಗ್ ಕೋಡ್ ಲೆಕ್ಕ ಬಿಡಿಸಿ, ಅಂಕ ಎಣಿಸಿ, ಮುಂದಿನ ಮಾಡ್ಯೂಲ್‌ಗೆ ಜಿಗಿಯುತ್ತೇವೆ. ಎಷ್ಟು ಮಿಲಿಸೆಕೆಂಡಿನೊಳಗೆ ತಿದ್ದಬೇಕು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ನನ್ನ ಒತ್ತಾಯವಿಷ್ಟೇ: ಲ್ಯಾಬಿನಲ್ಲಿ ಎರಡು ಕಂಪ್ಯೂಟರ್ ನಡುವೆ ಕರೆ ಹಚ್ಚಿ, ಬೇಕೆಂದೇ ಪ್ಯಾಕೆಟ್ ಬೀಳಿಸಿ, ನಮ್ಮ ಕೈಯಿಂದಲೇ ತಿದ್ದಿಸಲಿ.