ನಿದಾನವೋ ನಿಧಾನವೋ

ಚಿಕಿತ್ಸೆಗೆಂದು ಕೋಲಾರ, ಬಳ್ಳಾರಿ, ಬೆಂಗಳೂರುಗಳಿಂದ ಚೆನ್ನೈಗೆ ಹೋಗುವ ಕನ್ನಡಿಗರ ಕೈಯಲ್ಲಿ ಸ್ಕ್ಯಾನ್ ರಿಪೋರ್ಟುಗಳ ದಪ್ಪ ಫೈಲಿರುತ್ತದೆ. ಅಂಥವರ ಮುಂದೆ ಕನ್ನಡದಲ್ಲಿ ಅಚ್ಚಾದ ಹಾಳೆಯೊಂದನ್ನು ಇಟ್ಟು, ಅದರಲ್ಲಿ ‘ರೋಗ ನಿಧಾನವಾಗಿದೆ’ ಎಂದು ಬರೆದಿದ್ದರೆ ಅವರು ಏನೆಂದುಕೊಳ್ಳಬೇಕು? ಕಾಯಿಲೆಯ ವೇಗ ತಗ್ಗಿದೆ, ದೇವರು ದೊಡ್ಡವನು ಎಂದೇ ತಾನೆ? ಬರೆದವರ ಮನಸ್ಸಿನಲ್ಲಿದ್ದದ್ದು ‘ರೋಗ ನಿದಾನವಾಗಿದೆ’, ಅಂದರೆ ಕಾಯಿಲೆ ಯಾವುದೆಂದು ಗೊತ್ತಾಗಿದೆ ಎಂಬುದು. ಎರಡರ ನಡುವೆ ಇರುವುದು ಅಕ್ಷರದ ಹೊಟ್ಟೆ ಸೀಳುವ ಒಂದು ಸಣ್ಣ ಗೀಟು.

ಇದನ್ನು ಕಾಗುಣಿತದ ತಪ್ಪು ಎಂದು ಕೆಂಪು ಇಂಕು ಹಚ್ಚಿ ಮುಗಿಸುವುದು ಸುಲಭ. ಆದರೆ ಪದದ ಚರಿತ್ರೆ ಅಷ್ಟು ಸರಳವಾಗಿಲ್ಲ. ಸಂಸ್ಕೃತದ ನಿದಾನಕ್ಕೆ ವೇದಕಾಲದಲ್ಲಿ ಕಟ್ಟುವ ಹಗ್ಗ ಎಂಬ ಅರ್ಥವಿತ್ತು. ಆಮೇಲೆ ಅದು ಮೂಲಕಾರಣವಾಯಿತು. ಬೌದ್ಧರ ಹನ್ನೆರಡು ನಿದಾನಗಳು ಒಂದಕ್ಕೊಂದು ಕಟ್ಟಿಕೊಂಡ ಕಾರಣಗಳ ಸರಪಳಿ. ಚರಕಸಂಹಿತೆಯ ನಿದಾನಸ್ಥಾನದಲ್ಲಿ 8 ಅಧ್ಯಾಯಗಳು, ಸುಶ್ರುತನದರಲ್ಲಿ 16. ಆಯುರ್ವೇದದ ನಿದಾನಪಂಚಕದಲ್ಲಿ ನಿದಾನ ಮೊದಲನೆಯದು ಮಾತ್ರ; ಅದು ರೋಗದ ಕಾರಣ. ಆಮೇಲೆ ಪೂರ್ವರೂಪ, ಅಂದರೆ ಕಾಯಿಲೆ ಬರುವ ಮುಂಚಿನ ಸೂಚನೆ. ಮೂರನೆಯ ‘ರೂಪ’ವೇ ಇಂದು ಎಲ್ಲರೂ ರೋಗಲಕ್ಷಣ ಎನ್ನುವುದು. ಉಪಶಯ, ಸಂಪ್ರಾಪ್ತಿ ಉಳಿದೆರಡು. ಈ ಐದನ್ನೂ ನೋಡಿ ವೈದ್ಯ ತೀರ್ಮಾನಕ್ಕೆ ಬರುತ್ತಿದ್ದ. ಈಗಿನ ಕನ್ನಡದಲ್ಲಿ ಕಾರಣದ ಹೆಸರು ತೀರ್ಮಾನಕ್ಕೂ ಹತ್ತಿಕೊಂಡಿದೆ.

ಇನ್ನು ನಿಧಾನ. ಸಂಸ್ಕೃತದಲ್ಲಿ ಅದು ಇಡುವುದು, ಇಟ್ಟ ನಿಧಿ. ಮೆಲ್ಲಗೆ ಎಂಬ ಅರ್ಥದಲ್ಲಿ ತೆಲುಗರು ಬರೆಯುವುದು ಅಲ್ಪಪ್ರಾಣದ ನಿದಾನವನ್ನೇ. ತಮಿಳು ಲಿಪಿಯಲ್ಲಿ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರ, ಹಾಗಾಗಿ ಅಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ತಮಿಳಿನ ನಿದಾನಂ ಎಂದರೆ ದುಡುಕದೆ, ಸ್ಥಿಮಿತದಲ್ಲಿ ಇರುವುದು. ಕುಡಿದು ತೂರಾಡುವವನಿಗೆ ಇಲ್ಲದ್ದು ಅದೇ. ನೆರೆಯ ಭಾಷೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ‘ಮೆಲ್ಲಗೆ’ ಎಂಬ ಅರ್ಥಕ್ಕೆ ಮಹಾಪ್ರಾಣವೇ ಸರಿ ಎಂದು ಮೇಜು ಗುದ್ದುವ ಕನ್ನಡ ಪಂಡಿತರ ಗತ್ತು ಸ್ವಲ್ಪ ಇಳಿಯಬೇಕು.

ಡಿ. ಎನ್. ಶಂಕರ ಭಟ್ಟರು ಕನ್ನಡ ಬರಹದಲ್ಲಿ ಮಹಾಪ್ರಾಣಗಳು ಬೇಡ ಎಂದು ವಾದಿಸಿದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಹೆಚ್ಚಿನವರ ನಾಲಿಗೆಯಲ್ಲಿ ಅವು ಇಲ್ಲ ಎಂಬ ಮಾತು ನಿಜ. ಸಂದರ್ಭದಿಂದ ಅರ್ಥವಾಗುತ್ತದೆ ಎಂಬುದೂ ಕತೆ, ಕಾದಂಬರಿಗಳ ಮಟ್ಟಿಗೆ ಒಪ್ಪುವ ಮಾತೇ. ಆಸ್ಪತ್ರೆಯ ಹಾಳೆಯಲ್ಲಿ ಮಾತ್ರ ಸಂದರ್ಭ ಎಂಬುದು ಒಂದು ಖಾನೆ, ಅದರ ಮುಂದೆ ಎರಡು ಪದ. ಅಲ್ಲಿ ಗೀಟನ್ನು ಉಳಿಸಿದರೂ ಸಾಲದು, ಏಕೆಂದರೆ ಆ ಹಾಳೆಯನ್ನು ಮಗನೋ ಸೊಸೆಯೋ ಓದಿ ಹೇಳುತ್ತಾರೆ. ಅಪ್ಪನ ಕಿವಿಗೆ ಎರಡೂ ಒಂದೇ. ಆದ್ದರಿಂದ ರೋಗಿಯ ಕೈಗೆ ಹೋಗುವ ಕಾಗದದಲ್ಲಿ ನಿದಾನ ಬೇಡವೇ ಬೇಡ. ರೋಗಪತ್ತೆ ಎನ್ನಲಿ, ಅಥವಾ ‘ಇದು ಇಂಥ ಕಾಯಿಲೆ ಎಂದು ಗೊತ್ತಾಗಿದೆ’ ಎಂದು ಉದ್ದಕ್ಕೇ ಬರೆಯಲಿ. ನಿದಾನ ಆಯುರ್ವೇದದ ಪುಸ್ತಕಗಳಲ್ಲಿ ತನ್ನ ಹಳೆಯ ಅರ್ಥದೊಂದಿಗೆ ಹಾಯಾಗಿರಲಿ.

ಲಕ್ಷಣದ್ದೂ ಇಂಥದ್ದೇ ಪಾಡು. ‘ಹುಡುಗಿ ಲಕ್ಷಣವಾಗಿದ್ದಾಳೆ’ ಎನ್ನುವ ಮನೆಯ ಅಜ್ಜಿಗೆ ‘ನಿಮ್ಮ ಲಕ್ಷಣಗಳೇನು’ ಎಂದು ಕೇಳಿದರೆ ಆಕೆ ನಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ತಮಿಳರು ಇಲ್ಲಿ ಜಾಣರು: ಅಱಿಕುಱಿ ಎನ್ನುತ್ತಾರೆ. ಬಿಡಿಸಿದರೆ ಅದು ಕನ್ನಡಿಗರ ಮನೆಯ ಪದವೇ. ಅಱಿ ಎಂದರೆ ಅರಿ, ತಿಳಿ; ಕುಱಿ ನಮ್ಮ ಗುರಿ, ಕುರುಹುಗಳ ಒಡಹುಟ್ಟು. ಇಂಗ್ಲಿಷಿನ ಸಿಂಪ್ಟಮ್ ಕೂಡ ಮೂಲದಲ್ಲಿ ಗ್ರೀಕರ ‘ಜೊತೆಗೆ ಬಂದೆರಗಿದ್ದು’ ಎಂಬ ಸಾದಾ ಮಾತು. ಅದರ ‘ಪ್’ ಬರಹದಲ್ಲಿ ಉಳಿದು ಬಾಯಲ್ಲಿ ಅರ್ಧ ಸತ್ತಿದೆ, ಥೇಟ್ ನಮ್ಮ ಮಹಾಪ್ರಾಣದ ಹಾಗೆ.

ಚೆನ್ನೈ ಇಂಥ ವಿಚಾರಕ್ಕೆ ಪರಸ್ಥಳವೇನಲ್ಲ. 1894ರ ಕಿಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಅಲ್ಲಿನ ಮದ್ರಾಸು ವಿಶ್ವವಿದ್ಯಾಲಯದಿಂದ, 1968ರಿಂದ 1971ರ ನಡುವೆ. ಮಂಗರಾಜನ ವಿಷವೈದ್ಯ ಗ್ರಂಥ ‘ಖಗೇಂದ್ರಮಣಿದರ್ಪಣ’ವನ್ನು ಅಚ್ಚು ಹಾಕಿದ್ದೂ ಅದೇ ವಿಶ್ವವಿದ್ಯಾಲಯ. ಅದೇ ಊರಿನ ಆಸ್ಪತ್ರೆಗಳು ಕನ್ನಡದ ಹಾಳೆ ಮಾಡಿಸುವಾಗ ‘ರೋಗಲಕ್ಷಣಗಳು’ ಎಂಬ ಖಾನೆ ತೆಗೆದು ‘ಏನು ತೊಂದರೆ? ಯಾವಾಗಿನಿಂದ?’ ಎಂದು ಅಚ್ಚು ಹಾಕಿಸಲಿ. ಉತ್ತರಕ್ಕೆ ಎರಡು ಸಾಲು ಹೆಚ್ಚು ಜಾಗ ಬಿಡಬೇಕಾದೀತು, ಬಿಡಲಿ. ಸಂಕಟ, ಸುಸ್ತು, ಎದೆ ಹಿಂಡಿದ ಹಾಗೆ ಎಂದೆಲ್ಲ ಬರೆಯಲು ಅಷ್ಟಾದರೂ ಬೇಕು.