ಆಫ್ರಿಕ ಪ್ರಯಾಣ: ಕಾಗದಪತ್ರವೂ ಸರಕಿನ ಲೆಕ್ಕಕ್ಕೆ ಸೇರಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಗೇರುಬೀಜ ಕಾರ್ಖಾನೆಗಳು ವರ್ಷವಿಡೀ ನಡೆಯಬೇಕಾದರೆ ಊರಿನ ಗುಡ್ಡೆಗಳಲ್ಲಿ ಬೆಳೆದ ಬೀಜವಷ್ಟೇ ಸಾಲದು ಎಂಬುದು ಈ ಪತ್ರಿಕೆಯ ಓದುಗರಿಗೆ ಹೊಸ ಸಂಗತಿಯೇನಲ್ಲ. ಸ್ಥಳೀಯ ಬೆಳೆ ಬೇಸಗೆಯ ಕೆಲವು ತಿಂಗಳುಗಳಿಗೆ ಒದಗೀತು. ಉಳಿದ ಕಾಲಕ್ಕೆ ನವಮಂಗಳೂರು ಬಂದರಿನಲ್ಲಿ ಇಳಿಯುವ ಆಫ್ರಿಕದ ಕಚ್ಚಾ ಬೀಜವೇ ಆಧಾರ. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ-ಬಿಸಾವ್ ದೇಶಗಳಲ್ಲಿ ಸುಮಾರು ಫೆಬ್ರವರಿಯಿಂದ ಜೂನ್ ತನಕ ಸುಗ್ಗಿ. ಪೂರ್ವದ ತಾಂಜಾನಿಯ ಮತ್ತು ಮೊಜಾಂಬಿಕ್‌ಗಳಲ್ಲಿ ಅಕ್ಟೋಬರಿನಿಂದ ಜನವರಿ, ಫೆಬ್ರವರಿಯವರೆಗೆ. ಈ ಎರಡು ಸುಗ್ಗಿಗಳ ನಡುವೆ ನಮ್ಮ ಕಾರ್ಖಾನೆಗಳ ಬಾಗಿಲು ತೆರೆದಿರುತ್ತದೆ. ಅಲ್ಲಿ ಬೀಜ ಒಡೆದು, ಸಿಪ್ಪೆ ಸುಲಿದು, ತಿರುಳು ವಿಂಗಡಿಸುವ ಸಾವಿರಾರು ಮಹಿಳೆಯರ ವಾರದ ಸಂಬಳ ನಡೆಯುತ್ತದೆ.

ಹಿಂದೆ ದೊಡ್ಡ ಆಮದುದಾರರಿಂದಲೇ ಬೀಜ ಕೊಳ್ಳುತ್ತಿದ್ದ ಮಧ್ಯಮ ಮತ್ತು ಸಣ್ಣ ಕಾರ್ಖಾನೆಗಳ ಮಾಲಕರೂ ಈಗ ತಾವಾಗಿ ಆಫ್ರಿಕಕ್ಕೆ ಹೊರಡುತ್ತಿದ್ದಾರೆ. ಇದು ಸ್ವಾಗತಾರ್ಹ. 80 ಕಿಲೋ ಚೀಲದಿಂದ ಎಷ್ಟು ಪೌಂಡ್ ತಿರುಳು ದೊರೆತೀತು, ಕಿಲೋ ಒಂದಕ್ಕೆ ಎಷ್ಟು ಬೀಜ ತೂಗೀತು, ತೇವಾಂಶ ಎಷ್ಟಿದೆ ಎಂಬುದನ್ನು ಸ್ವತಃ ಬೀಜ ಕತ್ತರಿಸಿ ನೋಡಿದವನಿಗೂ ಮಧ್ಯವರ್ತಿಯ ಮಾತು ಕೇಳಿ ಹಣ ಕಳುಹಿಸಿದವನಿಗೂ ಲಾಭನಷ್ಟದಲ್ಲಿ ಬಹಳ ಅಂತರವಿದೆ. ಆದರೆ ಬೀಜದ ಗುಣಮಟ್ಟದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಮ್ಮವರು ವೀಸಾ, ಲಸಿಕೆ, ಕಸ್ಟಮ್ಸ್ ನಿಯಮಗಳ ವಿಷಯದಲ್ಲಿ ತೋರುವ ಉದಾಸೀನ ಆತಂಕಕಾರಿ. 'ಅದನ್ನೆಲ್ಲ ಏಜೆಂಟರು ನೋಡಿಕೊಳ್ಳುತ್ತಾರೆ' ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಟಿಕೆಟು ಮಾಡಿಸಿಕೊಟ್ಟ ಏಜೆಂಟರು ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ನಮ್ಮ ಜತೆ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡುವುದು ಒಳ್ಳೆಯದು.

ವೀಸಾ: ಇನ್ನೂರು ಡಾಲರಿನ ಉಳಿತಾಯ

ತಾಂಜಾನಿಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಆ ದೇಶ 2018ರಿಂದ ಅಂತರ್ಜಾಲದ ಮೂಲಕ ವೀಸಾ ಅರ್ಜಿ ಸ್ವೀಕರಿಸುತ್ತಿದೆ. ಒಮ್ಮೆ ಪ್ರವೇಶಿಸುವ ಸಾಮಾನ್ಯ ವೀಸಾಕ್ಕೆ 50 ಡಾಲರ್, ವ್ಯವಹಾರ ವೀಸಾಕ್ಕೆ 250 ಡಾಲರ್ ಶುಲ್ಕವಿದೆ. ಈ ಇನ್ನೂರು ಡಾಲರ್ ಉಳಿಸುವ ಸಲುವಾಗಿ ಪ್ರವಾಸಿ ಎಂದು ಬರೆದುಕೊಟ್ಟು ಹೋಗಿ, ಅಲ್ಲಿ ಗೋದಾಮು ಸುತ್ತುವ, ಒಪ್ಪಂದಕ್ಕೆ ಸಹಿ ಹಾಕುವ ಪದ್ಧತಿ ಬೆಳೆದಿದೆ. ಕಚ್ಚಾ ಬೀಜಕ್ಕೆ ಟನ್ನಿಗೆ ಸಾವಿರ ಡಾಲರಿನ ಆಸುಪಾಸು ಅಥವಾ ಅದಕ್ಕೂ ಮಿಗಿಲಾಗಿ ತೆರುವ ವ್ಯಾಪಾರಿ ಇನ್ನೂರು ಡಾಲರಿಗಾಗಿ ಇಡೀ ಹಂಗಾಮನ್ನು ಪಣಕ್ಕಿಡುವುದು ಯಾವ ಲೆಕ್ಕಾಚಾರಕ್ಕೂ ಹೊಂದುವುದಿಲ್ಲ. ಸುಳ್ಳು ಉದ್ದೇಶ ತೋರಿಸಿ ಪ್ರವೇಶಿಸಿದವನನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಇದೆ. ಅಂಥವನು ಮಾಡಿಕೊಂಡ ಒಪ್ಪಂದದಲ್ಲಿ ತಕರಾರು ಬಂದರೆ ನ್ಯಾಯ ಕೇಳಲು ಅವನಿಗೆ ಗಟ್ಟಿ ನೆಲೆಯೇ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ತಾಂಜಾನಿಯದಲ್ಲಿ 2007-08ರಿಂದ ಗೋದಾಮು ರಶೀದಿ ಪದ್ಧತಿ ಜಾರಿಯಲ್ಲಿದೆ. ರೈತರ ಬೀಜ ಸಹಕಾರಿ ಸಂಘಗಳ ಮೂಲಕ ಗೋದಾಮಿಗೆ ಬಂದು ಹರಾಜಿನಲ್ಲಿ ಮಾರಾಟವಾಗಬೇಕು. ಹಳ್ಳಿಗೆ ಹೋಗಿ ರೈತರಿಂದ ನೇರವಾಗಿ ಕಡಿಮೆ ಬೆಲೆಗೆ ಕೊಳ್ಳುವುದನ್ನು ಅಲ್ಲಿ 'ಕಂಗೋಂಬ' ಎಂದು ಕರೆಯುತ್ತಾರೆ, ಅದು ಕಾನೂನುಬಾಹಿರ. ಪ್ರವಾಸಿ ವೀಸಾದಲ್ಲಿ, ಕೈಯಲ್ಲಿ ನಗದು ಹಿಡಿದು ಮ್ತ್ವಾರಾ, ಲಿಂಡಿ ಪ್ರಾಂತ್ಯಗಳ ಹಳ್ಳಿ ಸುತ್ತುವವನು ಒಂದಲ್ಲ, ಎರಡು ತಪ್ಪುಗಳನ್ನು ಏಕಕಾಲಕ್ಕೆ ಮಾಡುತ್ತಾನೆ. ನಿಯಮಗಳು ರಾತ್ರಿ ಬೆಳಗಾಗುವುದರೊಳಗೆ ಬದಲಾಗುವುದೂ ಉಂಟು. 2018ರ ನವೆಂಬರಿನಲ್ಲಿ ಖಾಸಗಿ ವ್ಯಾಪಾರಿಗಳು ಕೊಡಲೊಪ್ಪಿದ ಬೆಲೆ ಸಾಲದೆಂದು ಅಂದಿನ ಅಧ್ಯಕ್ಷ ಮಗುಫುಲಿ ಅವರು ಇಡೀ ಬೆಳೆಯನ್ನು ಸರಕಾರವೇ ಕೊಳ್ಳುವುದೆಂದು ಘೋಷಿಸಿ ಸೈನ್ಯವನ್ನು ಕೆಲಸಕ್ಕೆ ಇಳಿಸಿದ್ದರು.

ಹಳದಿ ಜ್ವರದ ಲಸಿಕೆ

ಆರೋಗ್ಯದ ಕಾಗದಗಳಲ್ಲಿ ಅತಿ ಮುಖ್ಯವಾದುದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ-ಬಿಸಾವ್‌ಗಳಿಗೆ ಹೋಗುವವರಿಗೆ ಇದು ಕಡ್ಡಾಯ. ತಾಂಜಾನಿಯ, ಮೊಜಾಂಬಿಕ್‌ಗಳು ವಿಶ್ವ ಆರೋಗ್ಯ ಸಂಸ್ಥೆಯ ಹಳದಿ ಜ್ವರದ ಅಪಾಯದ ಪಟ್ಟಿಯಲ್ಲಿಲ್ಲ. ಆದರೆ ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುವವರು ಗಮನಿಸಬೇಕು. ಇಥಿಯೋಪಿಯ, ಕೀನ್ಯಗಳು ಆ ಪಟ್ಟಿಯಲ್ಲಿವೆ. ಅಲ್ಲಿ 12 ಗಂಟೆಗೂ ಮೀರಿ ತಂಗಿ ಮುಂದೆ ಹೋದವರಿಂದ ತಾಂಜಾನಿಯ ಪ್ರಮಾಣಪತ್ರ ಕೇಳುತ್ತದೆ.

ನಿಜವಾದ ತೊಡಕು ಹಿಂತಿರುಗುವಾಗ ಎದುರಾಗುತ್ತದೆ. ಹಳದಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ಆದರೆ ರೋಗ ಮಾತ್ರ ಭಾರತಕ್ಕೆ ಬಂದಿಲ್ಲ. ಆದ್ದರಿಂದಲೇ ನಮ್ಮ ಸರಕಾರದ ನಿಯಮ ಬಿಗಿಯಾಗಿದೆ. ಪಟ್ಟಿಯಲ್ಲಿರುವ ದೇಶ ಬಿಟ್ಟು ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕ ವಾಸದಲ್ಲಿಡಬಹುದು. ದಾರಿಯಲ್ಲಿ ವಿಮಾನ ನಿಲ್ದಾಣ ಬಿಟ್ಟು ಹೊರಗೆ ಹೋಗದವರಿಗೆ ವಿನಾಯಿತಿ ಉಂಟಾದರೂ ಅದು ಆರೋಗ್ಯಾಧಿಕಾರಿಯ ಒಪ್ಪಿಗೆಗೆ ಒಳಪಟ್ಟದ್ದು.

ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಬಳಿಕವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಟಿಕೆಟು ಮಾಡಿಸಿದ ಮೇಲೆ ಲಸಿಕೆಗೆ ಓಡುವವರು ಮರೆಯುವುದು ಇದನ್ನೇ. 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವಮಾನಪೂರ್ತಿ ಸಲ್ಲುತ್ತದೆ. ಹಿಂದಿನಂತೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿಲ್ಲ. ಸರಕಾರ ಅಧಿಸೂಚಿಸಿದ ಕೇಂದ್ರಗಳಲ್ಲಿ ಹಾಕಿಸಿಕೊಂಡದ್ದು ಮಾತ್ರ ಮಾನ್ಯ. ಇದು ಸಜೀವ ಲಸಿಕೆಯಾದುದರಿಂದ 60 ವರ್ಷ ದಾಟಿದವರು, ಮೊಟ್ಟೆಯ ಅಲರ್ಜಿಯುಳ್ಳವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರ ಸಲಹೆ ಪಡೆಯದೆ ಹಾಕಿಸಿಕೊಳ್ಳಬಾರದು. ನಮ್ಮ ಹಿರಿಯ ಉದ್ಯಮಿಗಳಲ್ಲಿ ಅನೇಕರು ಈ ವಯೋಮಾನದವರೇ ಎಂಬುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಯಾವ ಕಾಗದವನ್ನೂ ಕೇಳದ ಕಾಯಿಲೆ ಮಲೇರಿಯ. ಮಂಗಳೂರು ಸೀಮೆಯವರಿಗೆ ಮಲೇರಿಯ ಪರಿಚಿತವೆಂಬ ಧೈರ್ಯವಿದೆ. ಆದರೆ ಆಫ್ರಿಕದ ಗೇರು ಸೀಮೆಗಳಲ್ಲಿ ಹೆಚ್ಚಾಗಿ ಕಾಡುವುದು ಫಾಲ್ಸಿಪಾರಂ ಎಂಬ ಮಾರಕ ಬಗೆ. ಚಿಕಿತ್ಸೆ ತಡವಾದರೆ ಕೆಲವೇ ದಿನಗಳಲ್ಲಿ ಜೀವ ತೆಗೆಯಬಲ್ಲದು. ಹೊರಡುವ ಮೊದಲು ವೈದ್ಯರನ್ನು ಕೇಳಿ ಮುಂಜಾಗ್ರತೆಯ ಮಾತ್ರೆ ಪಡೆಯಬೇಕು. ಹಿಂತಿರುಗಿದ ಮೇಲೆ ವಾರಗಳು ಕಳೆದು ಜ್ವರ ಬಂದರೂ 'ಆಫ್ರಿಕಕ್ಕೆ ಹೋಗಿದ್ದೆ' ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಬೇಕು. ಇದರ ಜತೆಗೆ, ಸಾಂಕ್ರಾಮಿಕ ರೋಗಗಳು ಕಾಣಿಸಿಕೊಂಡಾಗ ತಪಾಸಣೆ ಒಮ್ಮೆಲೇ ಬಿಗಿಯಾಗುತ್ತದೆ. ತಾಂಜಾನಿಯದ ಕಗೇರಾ ಪ್ರಾಂತ್ಯದಲ್ಲಿ 2023ರಲ್ಲೂ 2025ರಲ್ಲೂ ಮಾರ್ಬರ್ಗ್ ಜ್ವರ ಕಾಣಿಸಿಕೊಂಡಿತ್ತು. ಪ್ರಯಾಣದ ವಾರದಲ್ಲಿ ಸುದ್ದಿ ಗಮನಿಸುವುದು ಅಗತ್ಯ.

ಕಸ್ಟಮ್ಸ್: ಚೀಲದಲ್ಲಿ ಏನಿದೆ?

ವಿದೇಶಿ ನೋಟುಗಳಾಗಿ ಪ್ರವಾಸವೊಂದಕ್ಕೆ ಸಾಮಾನ್ಯವಾಗಿ 3,000 ಡಾಲರಿನವರೆಗೆ ಮಾತ್ರ ಒಯ್ಯಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಉಳಿದುದನ್ನು ಕಾರ್ಡಿನಲ್ಲಿ ಒಯ್ಯಬೇಕು. ಸರಕಿನ ಹಣ ಬ್ಯಾಂಕಿನ ಮೂಲಕವೇ ಹೋಗಬೇಕು. ಹಿಂತಿರುಗುವಾಗ ನೋಟುಗಳು 5,000 ಡಾಲರ್ ಮೀರಿದರೆ, ಅಥವಾ ಒಟ್ಟು ವಿದೇಶಿ ವಿನಿಮಯ 10,000 ಡಾಲರ್ ಮೀರಿದರೆ ಕಸ್ಟಮ್ಸ್ ಮುಂದೆ ಘೋಷಿಸಬೇಕು.

ನಮ್ಮವರು ಹಗುರವಾಗಿ ಕಾಣುವ ಇನ್ನೊಂದು ವಿಷಯ ಮಾದರಿ ಬೀಜ. ಕಾರ್ಖಾನೆಯಲ್ಲಿ ತೋರಿಸಲೆಂದು ಎರಡು ಕಿಲೋ ಕಚ್ಚಾ ಬೀಜವನ್ನು ಬಟ್ಟೆಗಳ ನಡುವೆ ತುಂಬಿ ತರುವುದು ಸಣ್ಣ ವಿಷಯವಲ್ಲ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಇಂಥ ಸಸ್ಯಜನ್ಯ ವಸ್ತುವಿಗೆ ಮೂಲ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಹೊರದೇಶದ ಕೀಟವೊಂದು ನಮ್ಮ ಗೇರು ತೋಟಗಳಿಗೆ ಹೊಕ್ಕರೆ ಅದರ ನಷ್ಟ ಅನುಭವಿಸುವವರು ನಾವೇ. ಹಾಗೆಯೇ ತಾಂಜಾನಿಯದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ. ಊರಿನ ಚಕ್ಕುಲಿ, ಉಪ್ಪಿನಕಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗುವವರು ಬಟ್ಟೆ ಚೀಲದ ಅಭ್ಯಾಸ ಮಾಡಿಕೊಳ್ಳಲಿ.

ಕೆಲಸಕ್ಕೆ ಹೋಗುವ ಯುವಕರು

ಮಾಲಕರ ಮಾತು ಇಷ್ಟಾಯಿತು. ಇನ್ನೂ ಕಾಳಜಿಯಿಂದ ನೋಡಬೇಕಾದವರು ಬೇರೆ ಇದ್ದಾರೆ. ಆಫ್ರಿಕದ ದೇಶಗಳು ತಮ್ಮ ಬೀಜವನ್ನು ತಾವೇ ಸಂಸ್ಕರಿಸಲು ಕಾರ್ಖಾನೆಗಳನ್ನು ಕಟ್ಟುತ್ತಿವೆ; ನಮ್ಮ ಕರಾವಳಿಯ ಅನುಭವಿ ಮೇಸ್ತ್ರಿಗಳಿಗೆ, ಯಂತ್ರ ಬಲ್ಲ ಯುವಕರಿಗೆ ಅಲ್ಲಿ ಬೇಡಿಕೆಯಿದೆ. ವ್ಯವಹಾರ ವೀಸಾದಲ್ಲಾಗಲಿ ಪ್ರವಾಸಿ ವೀಸಾದಲ್ಲಾಗಲಿ ಹೋಗಿ ಕಾರ್ಖಾನೆಯಲ್ಲಿ ದುಡಿಯುವುದು ಸಲ್ಲದು; ಅದಕ್ಕೆ ಕೆಲಸದ ಪರವಾನಗಿ ಬೇರೆಯೇ ಬೇಕು. 1983ರ ವಲಸೆ ಕಾಯಿದೆಯಡಿ ವಲಸೆ ಅನುಮತಿ ಬೇಕಾಗುವ ದೇಶಗಳ ಪಟ್ಟಿಯಲ್ಲಿ ಕೊಲ್ಲಿ ರಾಷ್ಟ್ರಗಳಿವೆ, ಆದರೆ ಆಫ್ರಿಕದ ಈ ಗೇರು ದೇಶಗಳಿಲ್ಲ. ಆದ್ದರಿಂದ ಗಲ್ಫಿಗೆ ಹೋಗುವ ಕಾರ್ಮಿಕನ ಒಪ್ಪಂದವನ್ನು ಹೊರಡುವ ಮುನ್ನ ಸರಕಾರ ಪರಿಶೀಲಿಸುವ ಏರ್ಪಾಡು ಅಬಿಜಾನ್‌ಗೆ ಹೊರಟ ನಮ್ಮ ಹುಡುಗನಿಗೆ ಇಲ್ಲ. ಪರವಾನಗಿಯಿಲ್ಲದವನ ಸಂಬಳ ನಿಂತರೆ, ಪಾಸ್‌ಪೋರ್ಟನ್ನು ಬೇರೆಯವರು ಇಟ್ಟುಕೊಂಡರೆ, ಜ್ವರದಿಂದ ಮಲಗಿದರೆ ಅವನು ಯಾರ ಬಳಿ ದೂರಬೇಕು? ಫ್ರೆಂಚ್ ಅಥವಾ ಪೋರ್ಚುಗೀಸ್ ಭಾಷೆಯ ಒಪ್ಪಂದಕ್ಕೆ ಓದದೆ ಸಹಿ ಹಾಕಿದವನ ಪಾಡು ಇನ್ನೂ ಕಷ್ಟ. ಕಳುಹಿಸಿಕೊಡುವವರು ನಮ್ಮ ನಡುವಿನ ಪರಿಚಯಸ್ಥರೇ ಆಗಿರುವಾಗ ಈ ಹೊಣೆಯಿಂದ ವ್ಯಾಪಾರಿ ಸಮುದಾಯ ಜಾರಿಕೊಳ್ಳುವಂತಿಲ್ಲ.

ಸಂಸ್ಥೆ ಮಾಡಬಹುದಾದುದು

ದೊಡ್ಡ ಕಂಪೆನಿಗಳಿಗೆ ಈ ಕೆಲಸಕ್ಕೆಂದೇ ಸಿಬ್ಬಂದಿಯಿದ್ದಾರೆ. ಸಣ್ಣ ಘಟಕಗಳಿಗೆ ಇಲ್ಲ. ಆ ಕೊರತೆಯನ್ನು ತುಂಬಬೇಕಾದುದು ವಾಣಿಜ್ಯ ಸಂಸ್ಥೆಯ ಧರ್ಮ. ಎರಡೂ ಸುಗ್ಗಿಗಳಿಗೆ ಎರಡು ತಿಂಗಳು ಮೊದಲು ಆಯಾ ದೇಶಗಳ ವೀಸಾ, ಲಸಿಕೆ, ಕಸ್ಟಮ್ಸ್ ನಿಯಮಗಳನ್ನು ಅಧಿಕೃತ ಮೂಲಗಳಿಂದ ಪರಿಶೀಲಿಸಿ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ಹಳದಿ ಜ್ವರದ ಲಸಿಕೆಯ ಒಂದು ಸೀಸೆಯಲ್ಲಿ ಹಲವರಿಗಾಗುವ ಪ್ರಮಾಣವಿರುವುದರಿಂದ ಕೇಂದ್ರಗಳು ನಿಗದಿತ ದಿನಗಳಲ್ಲಿ ಜನರನ್ನು ಒಟ್ಟುಗೂಡಿಸಿ ಚುಚ್ಚುತ್ತವೆ. ಮೂರೂ ತಾಲೂಕುಗಳ ಪ್ರಯಾಣಿಕರ ಹೆಸರುಗಳನ್ನು ಮುಂಚಿತವಾಗಿ ಪಟ್ಟಿ ಮಾಡಿ ದಿನ ಕಾದಿರಿಸಿದರೆ ಎಲ್ಲರ ಅಲೆದಾಟವೂ ತಪ್ಪುತ್ತದೆ. ಕೆಲಸಕ್ಕೆ ಹೋಗುವವರ ಒಪ್ಪಂದ ಮತ್ತು ಪರವಾನಗಿಯ ಪ್ರತಿಯೊಂದನ್ನು ಸಂಸ್ಥೆಯ ಕಚೇರಿಯಲ್ಲಿ ಇರಿಸಿಕೊಳ್ಳುವುದು, ಹೋದವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವಂತೆ ನೋಡಿಕೊಳ್ಳುವುದು ಮೂರನೆಯ ಕೆಲಸ. ಇದಕ್ಕೆ ತಗಲುವ ವೆಚ್ಚ ಒಂದು ಕಂಟೇನರಿನ ಬಂದರು ಬಾಡಿಗೆಗಿಂತ ಹೆಚ್ಚಾಗದು.

ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ ಇಂದಿನ ತಾಂಜಾನಿಯದ ಕಿಲ್ವಾವನ್ನೂ ನಮ್ಮ ಬಸ್ರೂರು, ಬಾರಕೂರುಗಳನ್ನೂ ಕಂಡು ಬರೆದವನು. ಬ್ರೆಜಿಲಿನ ಗೇರುಮರವನ್ನು ಎರಡೂ ತೀರಗಳಲ್ಲಿ ನೆಟ್ಟವರು ಪೋರ್ಚುಗೀಸರು. ಹೀಗೆ ಸಾಗರದ ಆಚೆಯ ದಂಡೆ ನಮಗೆ ಅಪರಿಚಿತವಲ್ಲ. ಅಂದು ಬಂದರಿನ ಒಡೆಯನಿಗೆ ಸುಂಕ ಕೊಟ್ಟು ಅನುಮತಿ ಪಡೆಯದೆ ಯಾವ ಹಡಗಿನ ಸರಕೂ ಇಳಿಯುತ್ತಿರಲಿಲ್ಲ; ಇಂದಿನ ನಿಯಮಗಳೂ ಅದೇ ಬಗೆಯವು. ಬರುವ ಹಂಗಾಮಿಗೆ ಟಿಕೆಟು ಕಾದಿರಿಸುವ ಮುನ್ನ ಸದಸ್ಯರು ತಮ್ಮ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗೂ ಹೆಚ್ಚು ಉಳಿದಿದೆಯೇ, ಲಸಿಕೆಯ ಪ್ರಮಾಣಪತ್ರದಲ್ಲಿ ಬರೆದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದುತ್ತದೆಯೇ ಎಂದು ತೆರೆದು ನೋಡಲಿ. ಸಂಸ್ಥೆಯ ಕಾರ್ಯಕಾರಿ ಸಮಿತಿ ಮೇಲಿನ ಮೂರು ಸಲಹೆಗಳನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲಿ.